ಬಾಲರಾಜ್ ಭಾವ ಮತ್ತು ಕೆರೆಮೀನಿನ ಕೊಬ್ಬು

ಯಾರಾದರೂ ಮಗಳ ಮದುವೆ ಗೊತ್ತಾಯಿತೆಂದು ಮೈಸೂರು ಪಾಕಿನ ಡಬ್ಬಿ ತಂದುಕೊಟ್ಟರೆ, ನಮ್ಮ ಭಾವ ಬಾಲರಾಜ್ ಮೊದಲು ಡಬ್ಬಿಯನ್ನು ತಲೆಕೆಳಗು ಮಾಡಿ ತಾರೀಖು ನೋಡುತ್ತಾರೆ. ಆಮೇಲೆ ತುಪ್ಪ ಎಲ್ಲಿಯದು ಎಂದು ಕೇಳುತ್ತಾರೆ. ಹುಡುಗ ಯಾರು, ಏನು ಮಾಡುತ್ತಾನೆ ಎಂಬ ಮಾತು ಬರುವುದು ನಮ್ಮಕ್ಕ ಧನಲಕ್ಷ್ಮಿ ಮೊಣಕೈಯಿಂದ ತಿವಿದ ಮೇಲೆ. ಟಿ. ದಾಸರಹಳ್ಳಿಗೆ ಅಕ್ಕನನ್ನು ನೋಡಲು ಬಂದಾಗಲೂ ಈ ಮನುಷ್ಯ ಕಾಫಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದ್ದರು. ಅವತ್ತೇ ನಮ್ಮಪ್ಪ ಎದ್ದು ಕೈಮುಗಿದು ಕಳಿಸಬೇಕಿತ್ತು. ಹುಡುಗ ಪೀಣ್ಯದಲ್ಲಿ ಪರ್ಮನೆಂಟ್ ಎಂದು ಸುಮ್ಮನಾದರು.

ಪೀಣ್ಯದ ಕಾರ್ಖಾನೆಯಲ್ಲಿ ಭಾವನಿಗೆ ಸಂಬಳ ಬರುತ್ತಿದ್ದದ್ದೇ ಅನುಮಾನ ಪಡುವುದಕ್ಕೆ. ತಯಾರಾದ ಬಿಡಿಭಾಗಗಳನ್ನು ಅಳತೆಗೆ ಹಿಡಿಯುವುದು, ಸರಿಯಿದ್ದರೆ ಪಕ್ಕಕ್ಕಿಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಮೂಲೆಗೆ ಎಸೆಯುವುದು. ಪಾಸ್, ರಿಜೆಕ್ಟ್. ಈ ಎರಡು ಮಾತಿನಲ್ಲೇ ಆಯಸ್ಸು ಕಳೆದವರು ಅವರು. ರಿಟೈರ್ ಆದಾಗ ಬಣ್ಣದ ಡಬ್ಬಿ ಕಾರ್ಖಾನೆಯಲ್ಲಿ ಉಳಿಯಿತು, ಬಳಿಯುವ ಕೈ ಮನೆಗೆ ಬಂತು. ಹಾಲಿನವನು ರಿಜೆಕ್ಟ್. ಇಸ್ತ್ರಿಯವನು ರಿಜೆಕ್ಟ್. ಅಮೃತಹಳ್ಳಿಯ ಅವರ ಮನೆಯ ಕೆಳಗಿನ ಮಳಿಗೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಾನು, ವಾಸು, ಹೆಂಡತಿಯ ತಮ್ಮ ಎನ್ನುವ ಕಾರಣಕ್ಕೆ ಇನ್ನೂ ವಿಚಾರಣೆಯಲ್ಲಿದ್ದೇನೆ.

ಎರಡು ವರ್ಷದ ಹಿಂದೆ ಭಾವನ ಎದೆ ಕೈಕೊಟ್ಟಿತು. ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು, ವಾರಕ್ಕೆರಡು ಸಲ ಮೀನು ತಿನ್ನಿ, ಒಮೇಗಾ ಮೂರು ಹೃದಯಕ್ಕೆ ಒಳ್ಳೆಯದು, ಕರಿಯಬೇಡಿ, ಸಾರು ಮಾಡಿಕೊಳ್ಳಿ ಎಂದರು. ಭಾವ ಅವರ ಮುಖವನ್ನೇ ದಿಟ್ಟಿಸಿದರು.

"ನಿಮ್ಮೋರದೇನಾದ್ರೂ ಮೀನಂಗಡಿ ಇದ್ಯಾ ಸಾರ್?"

ಡಾಕ್ಟರು ನಕ್ಕರು. ಅದು ತಮಾಷೆಯಲ್ಲ ಎಂದು ಅಕ್ಕನಿಗೂ ನನಗೂ ಗೊತ್ತಿತ್ತು.

ಅಲ್ಲಿಂದ ಶುರುವಾಯಿತು ಮೀನಿನ ವಿಚಾರಣೆ. ದಿನವಿಡೀ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಭಾವ ಒಂದು ತೀರ್ಮಾನಕ್ಕೆ ಬಂದರು. ಮೀನಿನಲ್ಲಿ ಎರಡು ಜಾತಿ, ಸಾಕಿದ್ದು ಮತ್ತು ತಾನಾಗಿ ಬೆಳೆದದ್ದು. ಆಂಧ್ರದ ಹೊಂಡಗಳಲ್ಲಿ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿ ಕೊಬ್ಬಿಸಿದ ಮೀನಿನ ಮೈಯಲ್ಲಿ ಸೇರುವುದು ಕಾಳಿನೆಣ್ಣೆಯ ಕೊಬ್ಬು, ಅಂದರೆ ಒಮೇಗಾ ಆರು. ಅದು ನಮ್ಮ ಒಗ್ಗರಣೆಯಲ್ಲೇ ಬೇಕಾದಷ್ಟಿದೆ. ನಿಜವಾದ ಒಮೇಗಾ ಮೂರು ಬೇಕೆಂದರೆ ಪಾಚಿ, ಹುಳುಹುಪ್ಪಟೆ ತಿಂದು ಬೆಳೆದ ಮೀನೇ ಆಗಬೇಕು. ಇದನ್ನು ಅವರು ನನ್ನ ಅಂಗಡಿಗೆ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದವರಿಗೆಲ್ಲ ಹೇಳಿದರು. "ಹೊಂಡದ ಮೀನು ತಿನ್ನೋ ಬದ್ಲು ಹಿಂಡೀನೇ ತಿನ್ರಿ, ಮುಳ್ಳಾದ್ರೂ ಇರಲ್ಲ" ಎನ್ನುತ್ತಿದ್ದರು. ಜನ ಜೆರಾಕ್ಸ್ ಇಸಿದುಕೊಂಡು ಬೇಗ ಜಾಗ ಖಾಲಿ ಮಾಡುತ್ತಿದ್ದರು.

ಭಾವ ಹೀಗೆ ಇಡೀ ಊರಿನ ಮೀನಂಗಡಿಗಳಿಗೆ ಕೆಂಪು ಬಣ್ಣ ಬಳಿದ ಮೇಲೆ ಉಳಿದವರು ಒಬ್ಬರೇ, ಗೋಪಾಲಮ್ಮ.

ನಮ್ಮ ಕಡೆಯ ಕೆರೆಯ ಗೇಟಿನ ಪಕ್ಕ, ಹೊಂಗೆಮರದ ಕೆಳಗೆ, ಬಣ್ಣ ಹೋದ ಕೊಡೆ ನೆಟ್ಟು ಈಳಿಗೆಮಣೆಯ ಮುಂದೆ ಕೂರುತ್ತಿದ್ದವರು ಅವರು. ಕೆರೆಯ ಹೆಸರು ನಾನು ಹೇಳುವುದಿಲ್ಲ; ಹೇಳಿದರೆ ಭಾವನಂಥ ಇನ್ನಷ್ಟು ಜನ ಅಲ್ಲಿಗೆ ಬಂದಾರು. ಗೋಪಾಲಮ್ಮನ ಗಂಡ ಇದೇ ಕೆರೆಯಲ್ಲಿ ಬಲೆ ಬೀಸಿದವರು, ಈಗ ಈಕೆಯ ತಮ್ಮ ಬೈರಣ್ಣ ಬೀಸುತ್ತಾನೆ. ಮಳೆಗಾಲದಲ್ಲಿ ಮೀನುಗಾರರ ಸಂಘದವರು ಮರಿ ತಂದು ಬಿಡುತ್ತಾರೆ. ಆಮೇಲೆ ಕೆರೆಯ ಪಾಡು ಕೆರೆಗೆ, ಮೀನಿನ ಪಾಡು ಮೀನಿಗೆ. ಬಂದವರ ಎದುರಿಗೇ ತೆಪ್ಪದಿಂದ ಮೀನು ಇಳಿಯುತ್ತಿತ್ತು. 'ಕೆರೆಮೀನು ಗೋಪಾಲಮ್ಮ' ಎಂದರೆ ಯಲಹಂಕದಿಂದಲೂ ಜನ ಬರುತ್ತಿದ್ದರು. ಆ ಹೆಸರು ಬಿಟ್ಟರೆ ಅವರಿಗೆ ಅಂಗಡಿ ಎಂಬುದಾಗಲಿ, ಬೋರ್ಡು ಎಂಬುದಾಗಲಿ ಇರಲಿಲ್ಲ.

ಭಾವ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಇದು ಇನ್ನೂ ಹೊಲಗದ್ದೆಯಾಗಿದ್ದಾಗ. ಭಾವನ ತಾಯಿಗೆ ಕೆಲಸವಿದ್ದ ದಿನ ಅವರನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವರು ಗೋಪಾಲಮ್ಮನೇ. ಹಾಗಂತ ಭಾವ ಸುಮ್ಮನೆ ಮೀನು ತಂದವರಲ್ಲ. ಪ್ರತಿ ಭಾನುವಾರ ಕಿವಿರು ಎತ್ತಿ ನೋಡುವರು, ಹೊಟ್ಟೆ ಒತ್ತುವರು, ಕಣ್ಣು ನೋಡುವರು, ಕಡೆಗೆ ಕೈಬೆರಳು ಮೂಸಿ ತೀರ್ಪು ಕೊಡುವರು. "ಪಾಸ್."

"ಬುಡು, ನನ್ ಮೀನು ಎಸೆಸೆಲ್ಸಿ ಪಾಸಾಯ್ತು" ಎಂದು ಗೋಪಾಲಮ್ಮ ಸುತ್ತ ನಿಂತವರನ್ನು ನಗಿಸುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಸ್ಟೆಂಟ್ ಹಾಕಿದ ಮೇಲೆ ಅಕ್ಕ ಜೋಯಿಸರ ಹತ್ತಿರ ಜಾತಕ ತೋರಿಸಿದಳು. ಶನಿಕಾಟವಿದೆ, ಶನಿವಾರ ಬೆಳಿಗ್ಗೆ ಮೀನಿಗೆ ಆಹಾರ ಹಾಕಿಸಿ ಎಂದರಂತೆ. ಭಾವನಿಗೆ ಜೋಯಿಸರ ಮೇಲೂ ಅನುಮಾನವೇ, ಆದರೆ ಆಪರೇಷನ್ ಥಿಯೇಟರ್ ನೋಡಿ ಬಂದ ಮನುಷ್ಯ ಶನಿಯ ಹತ್ತಿರ ಚೌಕಾಸಿ ಮಾಡುವುದಿಲ್ಲ. ಕೆರೆಯ ಮೆಟ್ಟಿಲಲ್ಲಿ ವಾಕಿಂಗಿನವರು ಮೊದಲಿಂದಲೂ ಪುರಿ, ಬ್ರೆಡ್ಡು ಎಸೆಯುತ್ತಿದ್ದರು. ಭಾವ ಅದನ್ನು ನೋಡಿ ಸಹಿಸಲಿಲ್ಲ. "ಮೈದಾ ಕಣ್ರೀ ಅದು, ಮೀನಿನ ಹೊಟ್ಟೆ ಕೆಡುತ್ತೆ" ಎಂದು ಗದರಿದರು. ಯಲಹಂಕದ ಗಾಣದಿಂದ ತಾವೇ ಶುದ್ಧವಾದ ಸಾಮಗ್ರಿ ತಂದು, ಕಲಸಿ, ಉಂಡೆ ಕಟ್ಟಿ ಹಾಕತೊಡಗಿದರು. ವಾಕಿಂಗ್ ಗ್ರೂಪಿನ ವಾಟ್ಸಾಪಿನಲ್ಲಿ ಮಾಡುವ ವಿಧಾನವನ್ನೂ ಬರೆದರು. ಅಪಾರ್ಟ್‌ಮೆಂಟಿನವರಿಗೆ ಅದು ಬಹಳ ಹಿಡಿಸಿತು. ಕೆಲವರು ಶನಿವಾರವಷ್ಟೇ ಅಲ್ಲ, ದಿನಾ ಹಾಕಿದರು. ಒಬ್ಬರಂತೂ ಕಾರಿನ ಡಿಕ್ಕಿಯಲ್ಲಿ ಮೂಟೆಯನ್ನೇ ಇಟ್ಟುಕೊಂಡಿದ್ದರು. ಶನಿವಾರ ಮೀನಿಗೆ ಉಣಿಸಿ ಪುಣ್ಯ, ಭಾನುವಾರ ಮೀನು ಉಂಡು ಆರೋಗ್ಯ. ಈ ಏರ್ಪಾಡಿನಲ್ಲಿ ಮೀನಿಗೇನು ಲಾಭ ಎಂದು ನಾನೊಮ್ಮೆ ಕೇಳಿ ಅಕ್ಕನಿಂದ ಬೈಸಿಕೊಂಡೆ.

ಹೀಗೆ ಒಂದು ವರ್ಷದ ಮೇಲಾಯಿತು. ಹೋದ ಮಾರ್ಗಶಿರದ ಒಂದು ಭಾನುವಾರ ಅಕ್ಕ ಕಾಟ್ಲಾ ಮೀನಿನ ಸಾರು ಮಾಡಿದಳು. ತಟ್ಟೆಗೆ ಬಡಿಸಿದ್ದೇ ಭಾವನ ಕೈ ನಿಂತಿತು. ಸಾರಿನ ಮೇಲೆ ಎಣ್ಣೆ ಬಿಲ್ಲೆಬಿಲ್ಲೆಯಾಗಿ ತೇಲುತ್ತಿತ್ತು.

"ಎಷ್ಟು ಎಣ್ಣೆ ಹಾಕ್ದೆ?"

"ಒಗ್ಗರಣೆಗೆ ಒಂದ್ ಚಮಚ. ಡಾಕ್ಟ್ರು ಹೇಳಿದಷ್ಟೇ."

"ಮತ್ತೆ ಇದು ಎಲ್ಲಿಂದ ಬಂತು?"

"ಮೀನಿಂದ ಬಿಟ್ಕೊಂಡಿರುತ್ತೆ. ಹೊಟ್ಟೆ ತುಂಬಾ ಕೊಬ್ಬಿತ್ತು, ಹಳದಿಗೆ."

ಭಾವ ತಟ್ಟೆ ತಳ್ಳಿದರು. ಕೆರೆಯಲ್ಲಿ ಪಾಚಿ ತಿಂದು ಈಜಾಡುವ ಮೀನಿಗೆ ಇಷ್ಟು ಕೊಬ್ಬು ಹೇಗೆ ಬರುತ್ತದೆ ಎಂಬ ಪ್ರಶ್ನೆ ಅವರ ತಲೆ ಹೊಕ್ಕಿತು. ತಪ್ಪು ಪ್ರಶ್ನೆಯಲ್ಲ ಅದು. ಆದರೆ ನಮ್ಮ ಭಾವನ ತಲೆಗೆ ಪ್ರಶ್ನೆ ಹೊಕ್ಕರೆ ಅದರ ಹಿಂದೆಯೇ ಒಬ್ಬ ಕಳ್ಳನೂ ಹೊಗುತ್ತಾನೆ. ಮರುವಾರ ಗೇಟಿನ ಹತ್ತಿರ ಆಂಧ್ರದ ನಂಬರಿನ ಒಂದು ವ್ಯಾನು ನಿಂತಿತ್ತು, ಒಳಗೆ ಥರ್ಮಾಕೋಲ್ ಪೆಟ್ಟಿಗೆಗಳು. ಡ್ರೈವರ್ ಟೀ ಕುಡಿಯುತ್ತಿದ್ದ. ಭಾವನಿಗೆ ಅಷ್ಟು ಸಾಕಾಯಿತು. ಬೆಳಗಿನ ಜಾವ ವ್ಯಾನಿನಿಂದ ಹೊಂಡದ ಮೀನು ಇಳಿಸಿಕೊಳ್ಳುತ್ತಾರೆ, ತೆಪ್ಪಕ್ಕೆ ತುಂಬುತ್ತಾರೆ, ಕೆರೆಯಲ್ಲಿ ಒಂದು ಸುತ್ತು ಹೊಡೆಸಿ ಕೆರೆಮೀನು ಎಂದು ಮಾರುತ್ತಾರೆ ಎಂದು ನನಗೆ ಪಿಸುಗುಟ್ಟಿದರು.

"ಭಾವ, ಅವನು ಟೀ ಕುಡೀತಿದ್ದ ಅಷ್ಟೇ."

"ಟೀ ಕುಡಿಯೋಕೆ ಆಂಧ್ರದಿಂದ ಬರ್ತಾನೇನೋ?"

ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ಹರಿಪ್ರಿಯಾ ಎಂಬ ಹುಡುಗಿ ಯಶವಂತಪುರದ ಕಡೆ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮೀನು ತಿನ್ನುವ ಮನೆಯವಳಲ್ಲ, ಆದರೆ ಮೀನಿನ ಕೊಬ್ಬು ತೆಗೆದು ಪರೀಕ್ಷಿಸುವುದರಲ್ಲಿ ಪಳಗಿದವಳು. ಭಾವ ಕಾಟ್ಲಾದ ಒಂದು ತುಂಡನ್ನು ಐಸಿನಲ್ಲಿಟ್ಟು ಅವಳ ಕೈಗೆ ಕೊಟ್ಟರು. ವಾರ ಕಳೆದು ಅವಳು ನಡುಮನೆಯಲ್ಲಿ ಕೂತು ಬಿಡಿಸಿ ಹೇಳಿದಳು. ನಾನೂ ಇದ್ದೆ.

"ಒಮೇಗಾ ಮೂರನ್ನ ಮೀನು ತಾನಾಗೇ ಮಾಡೋದು ತುಂಬ ಕಮ್ಮಿ ಅಂಕಲ್. ನೀರಲ್ಲಿರೋ ಪಾಚಿ ಮಾಡುತ್ತೆ, ಪಾಚಿ ತಿಂದ ಹುಳದಿಂದ ಮೀನಿಗೆ ಬರುತ್ತೆ. ಈ ತುಂಡಲ್ಲಿ ಲಿನೋಲಿಕ್ ಆಮ್ಲ ಜಾಸ್ತಿ ಇದೆ. ಅದು ಕಾಳು, ಎಣ್ಣೆಬೀಜದ ಕೊಬ್ಬು. ಫೀಡ್ ತಿಂದ ಮೀನಲ್ಲಿ ಹಿಂಗಿರುತ್ತೆ."

"ಅಂದ್ರೆ ಹೊಂಡದ್ದು."

"ಹಂಗಲ್ಲ ಅಂಕಲ್. ಅದು ಏನು ತಿಂದಿದೆ ಅಂತ ಇದು ಹೇಳುತ್ತೆ. ಎಲ್ಲಿತ್ತು ಅಂತ ಹೇಳಲ್ಲ. ಇನ್ನೊಂದು, ಒಮೇಗಾ ಮೂರು ಪಾಲಲ್ಲಿ ಕಮ್ಮಿ ಕಂಡ್ರೂ ಕೊಬ್ಬೇ ಜಾಸ್ತಿ ಇರೋದ್ರಿಂದ ಒಂದು ತುಂಡಿಗೆ ಲೆಕ್ಕ ಹಾಕಿದ್ರೆ ನಿಮಗೆ ಅಂಥ ನಷ್ಟ ಏನಿಲ್ಲ. ಆರಾಮಾಗಿ ತಿನ್ಬೋದು."

ಭಾವ 'ಫೀಡ್' ಎಂಬ ಮಾತಿನ ನಂತರ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಆ ಸಂಜೆಯೇ ವಾಕಿಂಗ್ ಗ್ರೂಪಿನಲ್ಲಿ ಅವರ ಸಂದೇಶ ಬಂತು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲಾಗಿದೆ, ಗೇಟಿನಲ್ಲಿ ಮಾರುವುದು ಕೆರೆಯ ಮೀನಲ್ಲ, ಹೊಂಡದ ಮೀನು, ಎಲ್ಲರೂ ಎಚ್ಚರದಿಂದಿರಿ. ಕೆಳಗೆ ಕೈಮುಗಿದ ಚಿತ್ರ ಬೇರೆ.

ಎಚ್ಚರಿಕೆ ಎಂದರೆ ನಮ್ಮ ಜನಕ್ಕೆ ಹಬ್ಬ. ಒಬ್ಬರು ತಮಗೆ ಮೊದಲೇ ಅನುಮಾನವಿತ್ತು ಎಂದು ಬರೆದರು. ಇನ್ನೊಬ್ಬರು ತಕ್ಕಡಿಯ ಮೇಲೂ ಮಾತು ತೆಗೆದರು. ಕೆರೆ ನೋಡಿಕೊಳ್ಳುವ ವಾಕರ್ಸ್ ಸಮಿತಿಯ ಕಾರ್ಯದರ್ಶಿ ಅಶ್ವತ್ಥ್, ಬಹಳ ನಯವಾದ ಮನುಷ್ಯ, ಮುಂದಿನ ಭಾನುವಾರ ಸಭೆ ಸೇರಿ ತೀರ್ಮಾನಿಸೋಣ, ಅಲ್ಲಿಯವರೆಗೆ ಗೇಟಿನ ಬಳಿ ಮಾರುವುದು ಬೇಡ ಎಂದರು. ಮರುದಿನ ಬೆಳಿಗ್ಗೆ ಹೊಂಗೆಮರದ ಕೆಳಗೆ ಕೊಡೆ ಮಡಿಸಿಟ್ಟಿತ್ತು. ಗೋಪಾಲಮ್ಮ ಗೇಟಿನ ಹತ್ತಿರ ನಿಂತು, ದಿನಾ ನಗುತ್ತಾ ಮೀನು ಒಯ್ಯುತ್ತಿದ್ದವರ ಮುಖ ನೋಡುತ್ತಿದ್ದರು. ಅವರೆಲ್ಲ ಫೋನ್ ನೋಡಿಕೊಂಡು ಹೋಗುತ್ತಿದ್ದರು.

"ಕೆರೇದೇ ಕಣಪ್ಪಾ, ನನ್ ಮಾತ್ ನಂಬ್ರಪ್ಪಾ" ಎಂದು ಅವರು ಒಬ್ಬರಿಗೆ ಹೇಳಿದ್ದನ್ನು ನಾನೇ ಕೇಳಿದೆ. ಎರಡು ದಿನಕ್ಕೆ ಅವರು ಹೆಬ್ಬಾಳದಲ್ಲಿ ಯಾರದೋ ಮೀನಂಗಡಿಗೆ ಮೀನು ಉಜ್ಜಿಕೊಡಲು ಹೋಗುತ್ತಿದ್ದಾರೆ ಎಂದು ಗೊತ್ತಾಯಿತು. ಅಲ್ಲಿ ಅವರ ಮುಂದೆ ರಾಶಿ ಬೀಳುತ್ತಿದ್ದದ್ದು ಹೊಂಡದ ಮೀನು.

ಅಕ್ಕ ಅವತ್ತಿನಿಂದ ಮನೆಯಲ್ಲಿ ಮೀನಿನ ಪಾತ್ರೆ ತೆಗೆಯಲಿಲ್ಲ. "ನಿಮ್ಮನ್ನ ಎತ್ತಿ ಆಡಿಸಿದ ಕೈ ಅದು" ಎಂದಷ್ಟೇ ಹೇಳಿದಳು. ಭಾವ, "ಎತ್ತಿ ಆಡ್ಸಿದ್ರೆ ಮೋಸ ಮಾಡ್ಬೋದಾ?" ಎಂದರು. ಎಂದರು ನಿಜ, ಆದರೆ ರಾತ್ರಿ ಊಟದಲ್ಲಿ ಮುದ್ದೆ ಅರ್ಧಕ್ಕೇ ಬಿಟ್ಟರು. ತಾವು ಕೊಟ್ಟ ತೀರ್ಪಿನ ಮೇಲೂ ಅವರಿಗೆ ಅನುಮಾನ ಬಂದಿತ್ತೆಂದು ಕಾಣುತ್ತದೆ. ಅದನ್ನು ಒಪ್ಪಿಕೊಳ್ಳಲಾರದೆ, ಸಾಕ್ಷಿ ಹಿಡಿದೇ ತೀರುತ್ತೇನೆಂದು ಹಟ ಹಿಡಿದರು. ಬೈರಣ್ಣ ಈಗಲೂ ಬಲೆ ಬೀಸಿ ಮೀನನ್ನು ಹೊರಗಿನ ಅಂಗಡಿಗಳಿಗೆ ಒಯ್ಯುತ್ತಿದ್ದ. ಶನಿವಾರ ಬೆಳಿಗ್ಗೆ ಹೋಗಿ ಅವನಿಗೆ ವ್ಯಾನಿನಿಂದ ಮೀನು ಇಳಿಯುವುದನ್ನು ಫೋನಿನಲ್ಲಿ ಹಿಡಿಯುವುದೆಂದು ಭಾವ ನಿಶ್ಚಯಿಸಿದರು. ಫೋನ್ ಹಿಡಿಯಲು ನಾನು.

ಇನ್ನೂ ಮಂಜು ಬಿಟ್ಟಿರಲಿಲ್ಲ. ಭಾವ ಮಂಕಿ ಕ್ಯಾಪ್ ಹಾಕಿಕೊಂಡು ಕೆರೆ ಏರಿಯ ಮೇಲಿನ ಕಲ್ಲುಬೆಂಚಿನ ಹಿಂದೆ ಕೂತರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಹಾಲಿನ ವ್ಯಾನ್ ಬಂತು, ಭಾವ ಎದ್ದು ನಿಂತರು, ಅದು ಹೋಯಿತು. ಪೇಪರಿನವರ ಬೈಕು ಬಂತು, ಅದರ ಚೀಲವನ್ನೂ ದಿಟ್ಟಿಸಿದರು. ಬೈರಣ್ಣ ಬಲೆ ಹೆಗಲಿಗೆ ಹಾಕಿಕೊಂಡು ಬರಿಗೈಯಲ್ಲಿ ಬಂದ, ತೆಪ್ಪ ನೀರಿಗೆ ತಳ್ಳಿದ, ಬರೀ ತೆಪ್ಪ. ಅದರಲ್ಲಿ ಒಂದು ಮೀನೂ ಇರಲಿಲ್ಲ, ನಾನು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಹಾಗಾದರೆ ಮೀನನ್ನು ಇನ್ನೆಲ್ಲೋ ಬಚ್ಚಿಟ್ಟಿದ್ದಾರೆ ಎಂದರು ಭಾವ. ನನಗೆ ರೇಗಿತು.

"ನೀರಲ್ಲಿ ಬಚ್ಚಿಟ್ಟಿದಾರೆ ಭಾವ. ಮೀನಲ್ವಾ?"

ಅಷ್ಟರಲ್ಲಿ ಬಿಸಿಲು ಬಂತು. ಶನಿವಾರದ ಕೆಲಸ ತಪ್ಪಿಸುವಂತಿಲ್ಲ. ಪಕ್ಕದಲ್ಲೇ ಇಟ್ಟುಕೊಂಡಿದ್ದ ಬಟ್ಟೆ ಚೀಲ ಎತ್ತಿಕೊಂಡು ಭಾವ ಮೆಟ್ಟಿಲಿಳಿದರು. ನಾನೂ ಹಿಂದೆ ಹೋದೆ. ಅವರು ಚೀಲದಿಂದ ಉಂಡೆ ತೆಗೆದು ಒಂದೊಂದಾಗಿ ನೀರಿಗೆ ಹಾಕತೊಡಗಿದ್ದೇ ತಡ, ಮೆಟ್ಟಿಲ ಬುಡದ ನೀರು ಕುದಿಯುವ ಎಸರಿನಂತೆ ಎದ್ದಿತು. ಕಾಟ್ಲಾದ ದಪ್ಪ ತಲೆಗಳು, ಅವುಗಳ ಸಂದಿಯಲ್ಲಿ ಜಿಲೇಬಿ ಮೀನುಗಳು. ಒಂದರ ಮೇಲೊಂದು ಬಿದ್ದು ಬಾಯಿ ಬಿಡುತ್ತಿದ್ದವು.

ಬೈರಣ್ಣ ತೆಪ್ಪವನ್ನು ಸರಸರನೆ ಇತ್ತ ತಂದ. ತನ್ನ ಅಕ್ಕ ಗೋಪಾಲಮ್ಮನ ಹೊಟ್ಟೆಪಾಡಿಗೆ ಕಲ್ಲು ಹಾಕಿದವರ ಮುಖ ನೋಡುವ ಇಷ್ಟ ಅವನಿಗಿರಲಿಲ್ಲ. ನೀರು ನೋಡುತ್ತಲೇ ಮಾತಾಡಿದ.

"ಇನ್ನೊಂದಿಷ್ಟು ಈ ಕಡೀಕ್ ಆಕಿ. ಬಲೆ ಬೀಸ್ತೀನಿ."

"ನಾನ್ ಹಾಕೋವರೆಗೂ ಕಾಯ್ತಿದ್ಯಾ?"

"ದಿನಾ ಇಲ್ಲೇ ಅಲ್ವಾ ಬೀಸೋದು. ನೀವ್ಗಳು ಯಾರಾರ ಆಕ್ದೇಟ್ಗೆ."

ಬಲೆ ಬಿತ್ತು. ಎಳೆದಾಗ ತೆಪ್ಪ ಒಂದು ಕಡೆಗೆ ವಾಲಿತು. ಭಾವ ಮುಂದಿನ ಉಂಡೆಗೆ ಚೀಲದೊಳಗೆ ಹಾಕಿದ್ದ ಕೈಯನ್ನು ಹೊರಗೆ ತೆಗೆಯಲಿಲ್ಲ. ಹಾಗೇ ನಿಂತರು. ನಿಧಾನವಾಗಿ ಕೈ ತೆಗೆದು, ಅಭ್ಯಾಸಬಲದಿಂದಲೋ ಏನೋ, ಬೆರಳು ಮೂಸಿದರು. ಇನ್ನೊಮ್ಮೆ ಮೂಸಿದರು. ಆ ಚೀಲದಲ್ಲಿ ಏನಿತ್ತೆಂದು ನಾನು ಇದುವರೆಗೆ ಹೇಳಿಲ್ಲ. ಗಾಣದ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಶುದ್ಧವಾದದ್ದು.

ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಎದೆನೋವೇ ಇರಬೇಕೆಂದು ಹೆದರಿ ಹೆಗಲು ಹಿಡಿದೆ.

"ವ್ಯಾನು ಬರಲ್ಲ ಕಣೋ ವಾಸು" ಎಂದರು. "ಏನ್ ತಿಂದಿದೆ ಅಂತ ಹೇಳುತ್ತೆ, ಎಲ್ಲಿತ್ತು ಅಂತ ಹೇಳಲ್ಲ ಅಂದ್ಳಲ್ಲ ಆ ಹುಡುಗಿ. ಹೊಂಡ ಮಾಡಿದ್ದು ನಾನೇ ಕಣೋ. ನಮ್ಮೂರ್ ಕೆರೇನ ಹೊಂಡ ಮಾಡ್ಬಿಟ್ಟು, ಗೋಪಾಲಮ್ಮನ್ನ ಕಳ್ಳಿ ಅಂದೆ."

ಜಗತ್ತಿನ ಪ್ರತಿಯೊಬ್ಬರ ಚೀಲವನ್ನೂ ಅನುಮಾನಿಸಿದ ಮನುಷ್ಯನಿಗೆ ತನ್ನ ಕೈಯ ಚೀಲದ ಮೇಲೆ ಒಂದು ದಿನವೂ ಕಣ್ಣು ಹೋಗಿರಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಭಾವನ ಮುಖ ಅಷ್ಟು ಇಳಿದುಹೋಗಿತ್ತು.

ಆದರೂ ಭಾವ ಭಾವನೇ. ತಮಗೆ ಹೊಳೆದದ್ದರ ಮೇಲೂ ಅನುಮಾನ ಪಟ್ಟು, ಬೈರಣ್ಣನಿಗೆ ದಮ್ಮಯ್ಯ ಹಾಕಿ, ಯಾರೂ ಕಾಲಿಡದ ತೂಬಿನ ಕಡೆಯಿಂದ ಒಂದು ಕಾಟ್ಲಾ ಹಿಡಿಸಿದರು. ಬಲೆ ಎಷ್ಟೋ ಸಲ ಖಾಲಿ ಬಂದ ಮೇಲೆ ಒಂದು ಸಿಕ್ಕಿತು. ಅದನ್ನೂ ಮೆಟ್ಟಿಲ ಹತ್ತಿರದ್ದನ್ನೂ ಅಲ್ಲೇ ಕಲ್ಲಿನ ಮೇಲೆ ಸೀಳಿಸಿದರು. ಮೆಟ್ಟಿಲಿನದರ ಹೊಟ್ಟೆಯಲ್ಲಿ ಹಳದಿ ಕೊಬ್ಬು ಗಟ್ಟಿಯಾಗಿ ಕೂತಿತ್ತು. ತೂಬಿನದರ ಹೊಟ್ಟೆಯಲ್ಲಿ ಕೊಬ್ಬು ಹುಡುಕಬೇಕಿತ್ತು, ಬರೀ ಹಸಿರು ಪಾಚಿಯ ರಾಡಿ.

ಆ ಸಂಜೆ ಗೋಪಾಲಮ್ಮನ ಮನೆಗೆ ಹೋದೆವು. ಅವರು ಆಗತಾನೇ ಹೆಬ್ಬಾಳದಿಂದ ಬಂದು ಕೈಗೆ ಹುಣಸೆಹಣ್ಣು ಉಜ್ಜಿ ತೊಳೆಯುತ್ತಿದ್ದರು. ಭಾವ ನಿಂತೇ ಎಲ್ಲವನ್ನೂ ಹೇಳಿದರು, ಹಿಂಡಿ, ತೌಡು, ಲ್ಯಾಬು. ಅವರು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಇದೆಲ್ಲಾ ನಂಗ್ ತಿಳ್ಯಾಕಿಲ್ಲ ಬಾಲು. ಒಂದ್ ಮಾತ್ ನನ್ ಕೇಳ್ಬೋದಾಗಿತ್ತಲ್ಲ. ಅಕ್ಕಾ, ಈ ಮೀನ್ ಯಾಕ್ ಇಂಗೆ ಕೊಬ್ಬೈತೆ ಅಂತ."

"ಕೇಳಿದ್ರೂ ನಂಬ್ತಿರ್ಲಿಲ್ಲ ಅಕ್ಕ."

"ಅದೂ ಸರಿ" ಎಂದರು ಗೋಪಾಲಮ್ಮ. "ನಂಬ್ತಿರ್ಲಿಲ್ಲ." ಕೂರು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಭಾವ, ನಾಳೆ ಸಭೆಗೆ ಬಾ ಎಂದು ಹೇಳಿ ಬಂದರು.

ಭಾನುವಾರ ಕೆರೆಯ ಪಕ್ಕದ ಚಪ್ಪರದಲ್ಲಿ ಸಭೆ. ಭಾವ ಎದ್ದು ಕೈಮುಗಿದು, ತಪ್ಪು ನನ್ನದು, ಮೀನು ಕೆರೆಯದ್ದೇ, ನಾವೇ ಅದಕ್ಕೆ ಹಿಂಡಿ ತಿನ್ನಿಸಿ ಹೊಂಡದ ಮೀನು ಮಾಡಿದ್ದೇವೆ ಎಂದರು. ಬಡಬಡ ಮಾತಾಡುವ ಮನುಷ್ಯ ಅವತ್ತು ತಡವರಿಸಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಶ್ವತ್ಥ್ ನಯವಾಗಿ ಕೇಳಿದರು. "ಸಾರ್, ಹೋದ್ ವಾರ ಲ್ಯಾಬಲ್ಲೇ ಪ್ರೂವ್ ಆಗಿದೆ ಅಂದ್ರಿ. ಈ ವಾರ ಉಲ್ಟಾ ಹೇಳ್ತಿದೀರ. ಮಧ್ಯದಲ್ಲಿ ಏನಾಯ್ತು?"

"ಏನೂ ಆಗಿಲ್ಲ. ನನ್ ಕಣ್ಣಲ್ಲೇ ನೋಡ್ದೆ."

"ನಿಮಗೂ ಆಯಮ್ಮಂಗೂ ಹಳೇ ಪರಿಚಯ ಅಂತೆ?"

ಹಿಂದಿನಿಂದ ಯಾರೋ, "ಮನೆಗೆ ಫ್ರೀ ಮೀನು ಬಂದಿರುತ್ತೆ ಬಿಡಿ" ಎಂದರು. ಒಂದಿಬ್ಬರು ನಕ್ಕರು.

ನಿಜವನ್ನೇ ಹೇಳಿ, ಎದುರಿಗಿರುವವರು ಅದನ್ನು ಬೆಳಕಿಗೆ ಹಿಡಿದು ಅನುಮಾನದಿಂದ ನೋಡಿದರೆ ಹೇಗಿರುತ್ತದೆ ಎಂಬುದು ಭಾವನಿಗೆ ಜೀವಮಾನದಲ್ಲಿ ಮೊದಲ ಸಲ ಗೊತ್ತಾಯಿತು. ಅವರ ಕಣ್ಣು ಗೇಟಿನ ಕಡೆ ಹೋಯಿತು. ಗೋಪಾಲಮ್ಮ ಒಳಗೆ ಬಾರದೆ ಅಲ್ಲೇ ಕಂಬಿ ಹಿಡಿದು ನಿಂತಿದ್ದರು. ಭಾವ ಅವರನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಏಳಿ ಎಲ್ರೂ. ನನ್ ಮಾತು ನಂಬೋದು ಬೇಡ, ಬಂದ್ ನೋಡಿ" ಎಂದು ಹೊರಟರು.

ಎಲ್ಲರೂ ಮೆಟ್ಟಿಲಿಗೆ ಬಂದರು. ಭಾವ ಕೆಳಗಿನ ಮೆಟ್ಟಿಲಿಗಿಳಿದು, ಎರಡೂ ಅಂಗೈ ಬಿಚ್ಚಿ ಹಿಂದೆ ತಿರುಗಿ ತೋರಿಸಿದರು. ಕೈಯಲ್ಲಿ ಏನೂ ಇರಲಿಲ್ಲ, ಚೀಲವೂ ಇರಲಿಲ್ಲ. ಸುಮ್ಮನೆ ನೀರಿನ ಮೇಲೆ ಕೈ ಚಾಚಿದರು. ಅವರ ನೆರಳು ನೀರಿಗೆ ಬಿತ್ತು.

ಮೊದಲು ಒಂದು ತಲೆ ಕಂಡಿತು. ಆಮೇಲೆ ನಾಲ್ಕಾರು. ಆಮೇಲೆ ಮೆಟ್ಟಿಲ ಬುಡವೆಲ್ಲ ಬರೀ ಬಾಯಿಗಳು. ಏನೂ ಹಾಕದಿದ್ದರೂ ಹೋಗಲಿಲ್ಲ. ಖಾಲಿ ಕೈಯ ಕೆಳಗೆ ಕಾಯುತ್ತಾ ನಿಂತವು.

"ಇವು ನನ್ನ ನಂಬ್ಕೊಂಡು ಬರ್ತಾವೆ ಸಾರ್" ಎಂದರು ಭಾವ. "ಅಲ್ಲಿ ಕಂಬಿ ಹಿಡ್ಕೊಂಡು ನಿಂತಿದಾಳಲ್ಲ, ಅವಳೂ ನನ್ನ ನಂಬಿದ್ಳು."

ಯಾರೂ ನಗಲಿಲ್ಲ. ಅಶ್ವತ್ಥ್ ನೀರನ್ನೇ ನೋಡುತ್ತಿದ್ದರು. ಕಾರಿನ ಡಿಕ್ಕಿಯಲ್ಲಿ ಮೂಟೆ ಇಟ್ಟುಕೊಂಡವರು ಅವರೇ. ಮೀನುಗಳು ಅವರ ನೆರಳಿನ ಕೆಳಗೂ ಸೇರಿದ್ದವು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನು ಮೇಲೆ ಇಲ್ಲಿ ಯಾರೂ ಏನೂ ಹಾಕಬಾರದು, ಮಾರಾಟ ಮೊದಲಿನಂತೆ ನಡೆಯಲಿ ಎಂದು ಸಣ್ಣಗೆ ಹೇಳಿದರು.

ಮರುವಾರ ಕೊಡೆ ಬಿಚ್ಚಿತು. ಎಲ್ಲರೂ ತಿರುಗಿ ಬರಲಿಲ್ಲ. ಒಮ್ಮೆ ಬಳಿದ ಕೆಂಪು ಬಣ್ಣ ಪೂರ್ತಿ ಹೋಗುವುದಿಲ್ಲ ಎಂದು ಭಾವನೇ ಹೇಳುತ್ತಾರೆ. ಬೆಳಿಗ್ಗೆ ಅವರು ಹೊಂಗೆಮರದ ಕೆಳಗೆ ನಿಂತು, ಹೋಗುವ ಬರುವವರನ್ನೆಲ್ಲ ತಡೆದು ಹಿಂಡಿಯ ಕಥೆ ಹೇಳುತ್ತಾರೆ. ಕೆಲವರು ಮೀನು ಕೊಳ್ಳುತ್ತಾರೆ, ಕೆಲವರು ಕಥೆ ಮುಗಿಯಲಿ ಎಂದು ಕೊಳ್ಳುತ್ತಾರೆ. ಮೀನು ಮೊದಲಿನಷ್ಟು ಬೀಳುವುದಿಲ್ಲ ಎಂದು ಬೈರಣ್ಣ ಗೊಣಗುತ್ತಾನೆ.

ಮೊದಲ ಭಾನುವಾರ ಗೋಪಾಲಮ್ಮ ಕಾಟ್ಲಾ ಎತ್ತಿ, ಎಂದಿನಂತೆ ಕಿವಿರು ಬಿಡಿಸಿ ಭಾವನ ಮುಂದೆ ಹಿಡಿದರು. ಭಾವ ನೋಡಲಿಲ್ಲ. "ಬೇಡಕ್ಕ. ಹಂಗೇ ಹಾಕು" ಎಂದರು.

ಗೋಪಾಲಮ್ಮ ಮೀನನ್ನು ಮಣೆಯ ಪಕ್ಕ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

"ಚೀಲ ತೋರ್ಸು."

"ಮೀನಿಗೆ ತಂದಿರೋ ಚೀಲ ಅಕ್ಕ, ಖಾಲಿ."

"ಬಿಚ್ಚು. ನೋಡಾನ."

ಭಾವ ಚೀಲದ ಬಾಯಿ ಅಗಲಿಸಿ ಹಿಡಿದರು. ಗೋಪಾಲಮ್ಮ ಕೈ ಹಾಕಿ ಮೂಲೆಮೂಲೆ ತಡಕಿದರು, ಒಳಗಿನ ಹೊಲಿಗೆಯನ್ನೂ ಉಗುರಿನಿಂದ ಕೆದಕಿದರು, ಕೈ ತೆಗೆದು ಬೆರಳು ಮೂಸಿದರು. ಸುತ್ತ ನಿಂತವರು ಅವರು ನಗಿಸುತ್ತಾರೆಂದು ಕಾದರು. ಅವರು ನಗಿಸಲಿಲ್ಲ. ಭಾವನೂ ಆ ಒಂದು ಮಾತಿಗಾಗಿ ಅವರ ಬಾಯನ್ನೇ ನೋಡುತ್ತಿದ್ದರು.

"ಈ ವಾರ ಹಿಂಡಿ ಇಲ್ಲ" ಎಂದರು ಗೋಪಾಲಮ್ಮ, ಮೀನನ್ನು ತಕ್ಕಡಿಗೆ ಹಾಕುತ್ತಾ. "ಬರೋ ವಾರನೂ ತೋರಿಸ್ಬೇಕು."

ಅವತ್ತಿನಿಂದ ಪ್ರತಿ ಭಾನುವಾರ ಭಾವ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಅವರು ಕೇಳುವ ಮೊದಲೇ ಚೀಲ ಬಿಚ್ಚುತ್ತಾರೆ. ಪಾಸ್ ಎಂಬ ಮಾತು ಇನ್ನೂ ಬಂದಿಲ್ಲ.